ಶಾಲೆಯಿಂದ ದುಡಿಮೆಗೆ: ಬೌದ್ಧಿಕ ಅಸಾಮರ್ಥ್ಯವುಳ್ಳ ವಿದ್ಯಾರ್ಥಿಗಳ ವೃತ್ತಿಶಿಕ್ಷಣದಲ್ಲಿ ಸ್ಥಳದ ಪ್ರಶ್ನೆ

2011ರ ಜನಗಣತಿಯು ದೇಶದಲ್ಲಿ ಬೌದ್ಧಿಕ ಅಸಾಮರ್ಥ್ಯವುಳ್ಳ ಸುಮಾರು 15 ಲಕ್ಷ ಜನರನ್ನು ಗುರುತಿಸಿತು. 1995ರ ಅಂಗವಿಕಲರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಇಟ್ಟಿದ್ದ ಶೇ. 3 ಮೀಸಲಾತಿಯಲ್ಲಿ ಇವರಿಗೆ ಪಾಲಿರಲಿಲ್ಲ; ದೃಷ್ಟಿ, ಶ್ರವಣ ಮತ್ತು ಚಲನೆಯ ತೊಂದರೆಯುಳ್ಳವರಿಗಷ್ಟೇ ಅದು ದಕ್ಕುತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 34ನೆಯ ಕಲಂ ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿ ಇವರನ್ನೂ ಒಳಗೊಂಡಿತು. ಆದರೆ ಅದೇ ಕಾಯ್ದೆಯ 31ನೆಯ ಕಲಂ ನೀಡುವ ಉಚಿತ ಶಿಕ್ಷಣದ ಹಕ್ಕು 18ನೆಯ ವಯಸ್ಸಿಗೆ ಮುಗಿಯುತ್ತದೆ. ಶಾಲೆಯ ಕೊನೆಯ ದಿನಕ್ಕೂ ಸಂಬಳದ ಮೊದಲ ದಿನಕ್ಕೂ ನಡುವಿನ ಹಾದಿ ಯಾರ ಹೊಣೆ ಎಂಬುದು ತೀರ್ಮಾನವಾಗದೆ ಉಳಿದಿದೆ. ಆ ಹಾದಿ ಶಾಲೆ ಮುಗಿದ ಮೇಲೆ ಆರಂಭವಾಗುವಂಥದ್ದಲ್ಲ, ಶಾಲಾ ಅವಧಿಯ ಕೊನೆಯ ವರ್ಷಗಳನ್ನೇ ನಿಜವಾದ ಕೆಲಸದ ಸ್ಥಳದಲ್ಲಿ ಕಳೆಯುವಂತೆ ಮಾಡಬೇಕು ಎಂಬುದು ಈ ಲೇಖನದ ವಾದ.

ಕಲಿಯುವ ಶಕ್ತಿಯ ಬಗೆಗಿನ ಸಂಶಯವನ್ನು ಮೊದಲು ಪರಿಶೀಲಿಸಬೇಕು. 1972ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್, ಮಧ್ಯಮ ಮತ್ತು ತೀವ್ರ ಬೌದ್ಧಿಕ ಅಸಾಮರ್ಥ್ಯವುಳ್ಳವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕನ್ನು ಜೋಡಿಸಲು ಕಲಿಸಿದರು. ಕೆಲಸವನ್ನು ಚಿಕ್ಕ ಹಂತಗಳಾಗಿ ಒಡೆದು, ಕೆಲವರಿಗೆ ಭಾಗಗಳ ಮೇಲೆ ಬಣ್ಣದ ಗುರುತು ಹಾಕಿಕೊಟ್ಟಾಗ ಕಲಿಕೆ ಇನ್ನಷ್ಟು ಬೇಗ ಕೈಗೂಡಿತು. ಕಲಿಯಲಾರರು ಎಂದು ನಾವು ತೀರ್ಪು ಕೊಡುವ ಕಡೆ ಬಹುಪಾಲು ಕಲಿಸುವ ಕ್ರಮವೇ ಸೋತಿರುತ್ತದೆ ಎಂಬುದು ಇದರಿಂದ ಸ್ಪಷ್ಟ. ಅಲ್ಲಿ ಕೌಶಲವು 24 ಭಾಗಗಳ ಮತ್ತೊಂದು ಬ್ರೇಕಿಗೂ ಒದಗಿತು ನಿಜ. ಆದರೆ ಎರಡೂ ಒಂದೇ ಬಗೆಯ ಕೆಲಸ. ಸ್ಥಳ, ಸದ್ದು, ಸಹೋದ್ಯೋಗಿಗಳು ಎಲ್ಲ ಬದಲಾದಾಗ ಕಲಿತದ್ದು ತಾನಾಗಿಯೇ ಜೊತೆಗೆ ಬರುತ್ತದೆಂದು ನಂಬುವಂತಿಲ್ಲ. ತರಬೇತಿ ಕೊಟ್ಟು ಉಳಿದದ್ದನ್ನು ಭರವಸೆಗೆ ಬಿಡುವ ಈ ಕ್ರಮವನ್ನು ಸಂಶೋಧಕರಾದ ಸ್ಟೋಕ್ಸ್ ಮತ್ತು ಬೇಯರ್ 1977ರಲ್ಲೇ ಟೀಕಿಸಿದ್ದರು. ನಮ್ಮ ವಿಶೇಷ ಶಾಲೆಗಳ ವೃತ್ತಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಕಾಣುವ ಮೇಣದಬತ್ತಿ, ಕಾಗದದ ಚೀಲ, ಹಣತೆಗೆ ಬಣ್ಣ ಬಳಿಯುವ ಕೆಲಸಗಳಿಗೂ ಈ ಟೀಕೆ ಅನ್ವಯಿಸುತ್ತದೆ. ಕೈ ಪಳಗುತ್ತದೆ, ಆದರೆ ಬಸ್ಸು ಹಿಡಿಯುವುದು, ಮೇಲ್ವಿಚಾರಕರ ಮಾತನ್ನು ಅರ್ಥಮಾಡಿಕೊಳ್ಳುವುದು, ಊಟದ ವಿರಾಮ ಮುಗಿದಾಗ ತಾನೇ ಎದ್ದು ಬರುವುದು ಅಭ್ಯಾಸವಾಗುವುದಿಲ್ಲ.

ಪರ್ಯಾಯಕ್ಕೆ ಮಾದರಿಗಳಿವೆ. 1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಆರಂಭವಾದ ಪ್ರಾಜೆಕ್ಟ್ ಸರ್ಚ್‌ನಲ್ಲಿ ವಿದ್ಯಾರ್ಥಿಗಳು ಶಾಲೆಯ ಕೊನೆಯ ವರ್ಷವನ್ನು ಸಂಸ್ಥೆಯೊಳಗೇ ಕಳೆಯುತ್ತಾರೆ, ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಕಲಿಯುತ್ತಾರೆ. ಶಿಕ್ಷಕರೂ ಕೆಲಸದ ಸ್ಥಳದಲ್ಲಿ ಜೊತೆಗಿದ್ದು ಕಲಿಸುವ ಜಾಬ್ ಕೋಚ್‌ಗಳೂ ಅಲ್ಲೇ ಇರುತ್ತಾರೆ. ಪಾಲ್ ವೇಮನ್ ಮತ್ತು ಸಂಗಡಿಗರು ವರ್ಜೀನಿಯಾದಲ್ಲಿ ಈ ಮಾದರಿಯನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಇದರಲ್ಲಿ ತರಬೇತಿ ಪಡೆದವರ ಪೈಕಿ ಶೇ. 87.5ರಷ್ಟು ಮಂದಿಗೆ ಉದ್ಯೋಗ ಸಿಕ್ಕಿತು. ಹೋಲಿಕೆಯ ಗುಂಪಿನಲ್ಲಿ ಶೇ. 6.25 ಮಾತ್ರ. ಗುಂಪುಗಳು ಚಿಕ್ಕವು, ಪಾಲ್ಗೊಂಡವರು ಆಟಿಸಂ ಉಳ್ಳ ಯುವಜನರು. ಆದ್ದರಿಂದ ಅಂಕಿಗಳನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಆದರೂ ಅಂತರದ ಗಾತ್ರ ಉಪೇಕ್ಷಿಸುವಂಥದ್ದಲ್ಲ. ವರ್ಮಾಂಟ್ ರಾಜ್ಯ 2002ರಲ್ಲಿ ಅಂಗವಿಕಲರಿಗಷ್ಟೇ ಮೀಸಲಾದ ತನ್ನ ಕೊನೆಯ ಆಶ್ರಿತ ಕಾರ್ಯಾಗಾರವನ್ನು ಮುಚ್ಚಿ, ಸಾಮಾನ್ಯ ಕೆಲಸದ ಸ್ಥಳದಲ್ಲೇ ನೆರವು ನೀಡುವ ಬೆಂಬಲಿತ ಉದ್ಯೋಗವನ್ನೇ ಮುಖ್ಯ ದಾರಿಯಾಗಿಸಿಕೊಂಡಿತು.

ಅಮೆರಿಕದ ಸಂಘಟಿತ ಉದ್ಯಮಗಳಿಗೆ ಒಗ್ಗಿದ್ದು ಇಲ್ಲಿಗೆ ಒಗ್ಗೀತೇ ಎಂಬುದು ಮೊದಲ ಆಕ್ಷೇಪ. ನಮ್ಮಲ್ಲಿ ಹೆಚ್ಚಿನ ದುಡಿಮೆ ಅಸಂಘಟಿತ ವಲಯದ್ದು, ನಿಜ. ಆದರೆ ಬೇಕರಿ, ನರ್ಸರಿ, ಕಿರಾಣಿ ಗೋದಾಮುಗಳಲ್ಲಿ ಕೆಲಸಗಳು ಪುನರಾವರ್ತನೆಯಾಗುತ್ತವೆ, ಮಾಲೀಕರು ಕಣ್ಣೆದುರಿಗೇ ಇರುತ್ತಾರೆ. ಹಂತ ಹಂತವಾಗಿ ಕಲಿಸಲು ಇದು ಅನುಕೂಲವೇ. 2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ, ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆಯೂ ಗ್ರಾಹಕರೆದುರಿನ ಕೆಲಸ ಇವರಿಗೆ ಸಾಧ್ಯವೆಂದು ತೋರಿಸಿದೆ. ಶೋಷಣೆಯ ಭಯ ಇದಕ್ಕಿಂತ ಗಂಭೀರವಾದದ್ದು. 1948ರ ಕನಿಷ್ಠ ವೇತನ ಕಾಯ್ದೆಯ 26ನೆಯ ಕಲಂ ಅಂಗವಿಕಲ ನೌಕರರ ವೇತನಕ್ಕೆ ಕಾಯ್ದೆ ಅನ್ವಯಿಸದಂತೆ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು ಎಂಬುದನ್ನು ನೆನೆದರೆ ಈ ಭಯ ಆಧಾರವಿಲ್ಲದ್ದಲ್ಲ. ಹಾಗಾಗಿ ಕಲಿಕೆಯ ಅವಧಿಗೆ ಮಿತಿ, ಭತ್ಯೆ, ಶಾಲೆ ಮತ್ತು ಪೋಷಕರು ಸಹಿ ಹಾಕಿದ ಒಪ್ಪಂದ, ಅವಧಿ ಮುಗಿದ ಮೇಲೆ ಪೂರ್ಣ ವೇತನ, ಇವಿಲ್ಲದೆ ಯಾರನ್ನೂ ಕಳಿಸಕೂಡದು. ಜಾಬ್ ಕೋಚ್‌ನ ಖರ್ಚಿನ ಮಾತೂ ಬರುತ್ತದೆ. ಆ ಖರ್ಚು ಆರಂಭದಲ್ಲಿ ಹೆಚ್ಚು. ಸಹೋದ್ಯೋಗಿಗಳೇ ನೆರವಾಗತೊಡಗಿದಂತೆ ಇಳಿಯುತ್ತದೆ. ಕೆಲಸ ಸಿಗದವರ ಹಗಲು ಆರೈಕೆಯ ಖರ್ಚಾದರೋ ವರ್ಷವರ್ಷವೂ ಹಾಗೆಯೇ ಮುಂದುವರಿಯುತ್ತದೆ. ತೀವ್ರ ನೆರವು ಬೇಕಾದ ಕೆಲವರಿಗೆ ಆಶ್ರಿತ ಕಾರ್ಯಾಗಾರ ಉಳಿಯಬೇಕಾದೀತು. ಆದರೆ ಹೊರಗಿನ ಕೆಲಸದ ಸ್ಥಳದಲ್ಲಿ ಪ್ರಯತ್ನಿಸಿ ನೋಡುವ ಮುನ್ನವೇ ಅದನ್ನು ಎಲ್ಲರ ಗತಿಯಾಗಿಸುವುದು ನ್ಯಾಯವಲ್ಲ.

2016ರ ಕಾಯ್ದೆಯ 19ನೆಯ ಕಲಂ ಇವರಿಗಾಗಿ ಮಾರುಕಟ್ಟೆಯೊಂದಿಗೆ ಸಕ್ರಿಯ ಸಂಪರ್ಕವಿರುವ ಪ್ರತ್ಯೇಕ ಕೌಶಲ ತರಬೇತಿಯನ್ನು ಈಗಾಗಲೇ ಹೇಳಿದೆ. 35ನೆಯ ಕಲಂ ಖಾಸಗಿ ಉದ್ಯೋಗದಾತರಿಗೆ ಪ್ರೋತ್ಸಾಹಧನದ ಅವಕಾಶ ಕೊಟ್ಟಿದೆ. ಕೊರತೆಯಿರುವುದು ಇವೆರಡನ್ನೂ ಶಾಲೆಗೆ ಜೋಡಿಸುವ ಹೊಣೆಗಾರಿಕೆಯಲ್ಲಿ. ವಿಶೇಷ ಶಾಲೆಗಳ ಅನುದಾನವನ್ನು ದಾಖಲಾತಿಯ ಸಂಖ್ಯೆಗೆ ಮಾತ್ರ ಕಟ್ಟಿಹಾಕದೆ, 16ನೆಯ ವಯಸ್ಸಿನಿಂದ ಕೆಲಸದ ಸ್ಥಳದಲ್ಲಿ ಕಲಿಸಿದ ಅವಧಿಗೂ ಶಾಲೆ ಬಿಟ್ಟ ಒಂದು ವರ್ಷದ ನಂತರ ವಿದ್ಯಾರ್ಥಿ ಸಂಬಳದ ಕೆಲಸದಲ್ಲಿದ್ದಾರೆಯೇ ಎಂಬುದಕ್ಕೂ ಜೋಡಿಸಿದರೆ, ತರಬೇತಿ ನಡೆಯುವ ಸ್ಥಳ ಬದಲಾಗುತ್ತದೆ. ಈ ವಿದ್ಯಾರ್ಥಿಗಳ ಮಟ್ಟಿಗೆ ಸ್ಥಳ ಬದಲಾಗದೆ ಪಠ್ಯಕ್ರಮವನ್ನಷ್ಟೇ ತಿದ್ದಿ ಫಲವಿಲ್ಲ.