ಬ್ರೇಕು ನಡುಗಿದ ಇಳಿಜಾರು

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಅವ್ವನನ್ನು ಬೆಳಗಾವಿಯ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ನಿಪ್ಪಾಣಿಗೆ ಮರಳುತ್ತಿದ್ದೆ. ಸಂಕೇಶ್ವರ ದಾಟಿ ತವಂದಿ ಘಾಟಿನ ಇಳಿಜಾರಿಗೆ ಬಂದಾಗ ಮುಂದೆ ಕಬ್ಬು ಹೇರಿದ ಜೋಡಿ ಟ್ರೇಲರ್ ಕಾಣಿಸಿತು. ಬ್ರೇಕ್ ಒತ್ತಿದೆ. ಸ್ಟೇರಿಂಗ್ ಕೈಯಲ್ಲಿ ಗಡಗಡ ನಡುಗಿತು, ಪೆಡಲು ಕಾಲನ್ನು ತಿರುಗಿ ಒದ್ದಂತಾಯಿತು. ಗಾಡಿ ನಿಂತಿತು, ಆದರೆ ನಾನು ಅಂದುಕೊಂಡದ್ದಕ್ಕಿಂತ ಒಂದಿಷ್ಟು ಮುಂದೆ ಹೋಗಿ. ಕಣ್ಣಿಗೆ ಔಷಧ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದ ಅವ್ವ, "ರಸ್ತೆ ಕೆಟ್ಟೈತೇನೋ?" ಅಂದಳು. ರಸ್ತೆ ಚೆನ್ನಾಗಿಯೇ ಇತ್ತು.

ನಾನು ಸಂಶೋಧನಾ ವಿದ್ಯಾರ್ಥಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಗಡಿ ತಾಲೂಕುಗಳ ರಸ್ತೆ ಮತ್ತು ಸಾಗಾಟದ ಇತಿಹಾಸ ನನ್ನ ಪಿಎಚ್.ಡಿ. ವಿಷಯ. ನಾಲ್ಕು ವರ್ಷದಿಂದ ಗಾಡಿಗಳು ಹೇಗೆ ಓಡಿದವು, ಏನು ಹೊತ್ತವು, ಎಷ್ಟು ಸುಂಕ ಕಟ್ಟಿದವು ಎಂದು ಬರೆದಿದ್ದೇನೆ. ಅವು ಹೇಗೆ ನಿಂತವು ಎಂದು ಒಂದು ಪುಟವನ್ನೂ ಬರೆದಿರಲಿಲ್ಲ. 1884ರಲ್ಲಿ ಪ್ರಕಟವಾದ ಬೆಳಗಾವಿ ಜಿಲ್ಲೆಯ ಗೆಝೆಟಿಯರ್ ತಿರುವಿ ಹಾಕುವಾಗಲೂ ನಾನು ಹುಡುಕಿದ್ದು ರಸ್ತೆ, ಸಂತೆ, ಸರಕು. ಆ ರಾತ್ರಿ ಮಾತ್ರ ನಿಲ್ಲುವುದಕ್ಕೂ ಒಂದು ಇತಿಹಾಸ ಇದೆ ಎನ್ನಿಸಿತು.

ಮರುದಿನ ಗಾಡಿ ತೋರಿಸಿದ ಗ್ಯಾರೇಜಿನಲ್ಲಿ ಎರಡೇ ನಿಮಿಷಕ್ಕೆ ತೀರ್ಪು ಬಂತು. "ಡಿಸ್ಕ್ ಬಾಗ್ಯಾವ್ರಿ. ಮುಂದಿನ ಡಿಸ್ಕ್, ಪ್ಯಾಡ್, ಹಿಂದಿನ ಡ್ರಮ್, ಲೈನರ್, ಎಲ್ಲಾ ಬದಲಿ ಮಾಡೂದ ಚಲೋ." ಗಾಲಿ ಬಿಚ್ಚಿಯೂ ನೋಡಿರಲಿಲ್ಲ. ನನ್ನ ಫೆಲೋಶಿಪ್ ಐದು ತಿಂಗಳಿಂದ ಬಂದಿರಲಿಲ್ಲ. ಪ್ಯಾಡ್ ಮಾತ್ರ ಹಾಕಿಸಿ ಕೈತೊಳೆದುಕೊಳ್ಳೋಣ ಎಂದು ನನ್ನಷ್ಟಕ್ಕೆ ನಾನೇ ಇನ್ನೊಂದು ತೀರ್ಪು ಕೊಟ್ಟುಕೊಂಡೆ. ಆಧಾರ ಇಬ್ಬರಲ್ಲೂ ಇರಲಿಲ್ಲ.

ಚಿಕ್ಕೋಡಿಯಲ್ಲಿ ಅಪ್ಪನ ಕಾಲದಿಂದ ನಮ್ಮ ಗಾಡಿ ನೋಡುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಅವರನ್ನು ಕಾಕಾ ಅನ್ನುತ್ತೇನೆ. ಕಾಕಾ ಪಾನೆ ಹಿಡಿಯುವ ಮೊದಲು ಪ್ರಶ್ನೆ ಕೇಳಿದರು. "ಬ್ರೇಕ್ ಒತ್ತಲಾರದನೂ ನಡಗತೈತೇನು, ಒತ್ತಿದಾಗಷ್ಟೇನು? ಸ್ಟೇರಿಂಗ್ ನಡಗತೈತೋ, ಕುಂಡ್ರೂ ಸೀಟೋ? ಎಷ್ಟು ಸ್ಪೀಡಿಗೆ?" ಬ್ರೇಕ್ ಒತ್ತದೆಯೂ ನಡುಗಿದರೆ ತಪ್ಪು ಬಹುತೇಕ ಟೈರಿನದು, ಇಲ್ಲವೇ ಗಾಲಿಯ ಬ್ಯಾಲೆನ್ಸಿಂಗಿನದು. ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಮುಂದಿನ ಗಾಲಿ, ಸೀಟು ನಡುಗಿದರೆ ಹಿಂದಿನದು. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ, ಗುಂಡಿ ಒತ್ತಿಹಿಡಿದು ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ನೋಡಿದರು. ಅದು ಹಿಂದಿನ ಗಾಲಿಗಳನ್ನಷ್ಟೇ ಹಿಡಿಯುತ್ತದೆ. ನಡುಕ ಬರಲಿಲ್ಲ. ಹಿಂದಿನ ಡ್ರಮ್ಮುಗಳು ಅಲ್ಲಿಗೆ ಪಾರಾದವು. ಗಟ್ಟಿಯಾಗಿ ಒತ್ತಿದಾಗ ಎಬಿಎಸ್ ಕೆಲಸ ಮಾಡಿ ಪೆಡಲು ಟಕಟಕ ಬಡಿಯುವುದು ದೋಷವಲ್ಲ ಎಂದೂ ಹೇಳಿದರು. ನಮ್ಮದು ಮೆಲ್ಲಗೆ ಒತ್ತಿದರೂ, 80 ದಾಟಿದಾಗ ಬರುವ ನಡುಕ.

ಈ 80 ಎನ್ನುವ ಸಂಖ್ಯೆ ನನ್ನ ತಲೆಯಲ್ಲಿ ಉಳಿಯಿತು. ನನ್ನ ಮುತ್ತಜ್ಜನ ಚಕ್ಕಡಿಗೆ ಈ ಕಾಯಿಲೆ ಬರುವುದು ಸಾಧ್ಯವೇ ಇರಲಿಲ್ಲ. ಇಳಿಜಾರಿನಲ್ಲಿ ಗಾಲಿಗೆ ಮರದ ತುಂಡು ಒತ್ತಿ, ಎತ್ತಿನ ಹಗ್ಗ ಬಿಗಿಹಿಡಿದರೆ ಮುಗಿಯಿತು. ಇಂಗ್ಲೆಂಡಿನಲ್ಲೂ ಕತೆ ಇಷ್ಟೇ. ಡರ್ಬಿಶೈರಿನ ಗುಡ್ಡಗಳಲ್ಲಿ ಗಾಡಿಯವರು ಗಾಲಿಯನ್ನು ತಡೆಯಲು ಹಳೆಯ ಬೂಟಿನ ಚರ್ಮ ಬಳಸುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ಗಮನಿಸಿ, 1897ರಲ್ಲಿ ಬ್ರೇಕಿಗೆ ಹಚ್ಚುವ ಲೈನಿಂಗ್ ತಯಾರಿಸತೊಡಗಿದ ಎಂದು ಹೇಳುತ್ತಾರೆ. ಅವನ ಹೆಸರಿನ ಅಕ್ಷರಗಳನ್ನು ಅತ್ತಿತ್ತ ಮಾಡಿ, ಹೆಂಡತಿಯ ಹೆಸರಿನ ಒಂದಕ್ಷರ ಸೇರಿಸಿದ್ದೇ ಫೆರೋಡೊ. ಮೊದಲ ಮೋಟಾರುಗಳ ಬ್ರೇಕುಗಳಿಗೂ ಚರ್ಮ ಹಚ್ಚುತ್ತಿದ್ದರು. ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಅಥಣಿ, ನಿಪ್ಪಾಣಿಯ ನೆಲದವನಾದ ನನಗೆ 'ಬ್ರೇಕ್ ಶೂ' ಎಂಬ ಮಾತು ಆಮೇಲೆ ಬೇರೆಯಾಗಿಯೇ ಕೇಳಿಸಿತು. ಚರ್ಮ ಬಿಸಿಗೆ ಸುಟ್ಟು ಕರಕಲಾಗುತ್ತದೆ. ಅದಕ್ಕೆ ಕಲ್ನಾರು ಬಂತು. ಕಲ್ನಾರು ಶ್ವಾಸಕೋಶ ತಿನ್ನುತ್ತದೆ ಎಂದು ತಿಳಿದ ಮೇಲೆ ಬೇರೆ ಮಿಶ್ರಣಗಳು ಬಂದವು.

ಡಿಸ್ಕ್ ಬ್ರೇಕಿಗೆ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದದ್ದು 1902ರಲ್ಲಿ. ಲೋಹಕ್ಕೆ ಲೋಹ ಉಜ್ಜಿ ಅದು ಕಿರುಚುತ್ತಿತ್ತು. ಐವತ್ತು ವರ್ಷ ಬೇಕಾಯಿತು. 1953ರಲ್ಲಿ ಡನ್ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಲ ಮಾನ್ಸ್ ಪಂದ್ಯ ಗೆದ್ದಾಗ ಜಗತ್ತು ತಿರುಗಿ ನೋಡಿತು. ಡಿಸ್ಕ್ ಎರಕ ಹೊಯ್ಯುವುದು ಬೂದು ಬೀಡುಕಬ್ಬಿಣದಲ್ಲಿ. ಅದರೊಳಗಿನ ಗ್ರಾಫೈಟಿನ ಎಸಳುಗಳು ಬಿಸಿಯನ್ನು ಬೇಗ ಸಾಗಿಸುತ್ತವೆ, ಕಂಪನವನ್ನು ನುಂಗುತ್ತವೆ. ಈ ಕಬ್ಬಿಣ ನಮಗೆ ಪರಕೀಯವಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ ಕಬ್ಬಿಣದ ನೇಗಿಲಿನವರೆಗೆ ಬಂದರು. ಊರು ಬಿಡಬೇಕಾಗಿ ಬಂದಾಗ 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಇಂದು ಬೆಳಗಾವಿಯ ಉದ್ಯಮಬಾಗ ಒಂದು ಕಡೆ, ಕೊಲ್ಹಾಪುರದ ಶಿರೋಳಿ ಇನ್ನೊಂದು ಕಡೆ, ಎರಡೂ ಊರಿನ ಫೌಂಡ್ರಿಗಳು ಮೋಟಾರಿನ ಭಾಗಗಳನ್ನು ಎರಕ ಹೊಯ್ಯುತ್ತವೆ. ನಿಪ್ಪಾಣಿ ಇರುವುದು ಆ ಎರಡರ ನಡುವೆ.

ಕಾಕಾ ಮುಂದಿನ ಗಾಲಿ ಬಿಚ್ಚಿದರು. ಡಿಸ್ಕಿನ ಅಂಚಿಗೆ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದಾಗ ಮುಳ್ಳು 0.12 ಮಿಲಿಮೀಟರ್ ಓಲಾಡಿತು. 0.05ರ ಆಸುಪಾಸು ಇದ್ದರೆ ಒಳ್ಳೆಯದು. ಆಮೇಲೆ ಮೈಕ್ರೋಮೀಟರಿನಿಂದ ಎಂಟು ಕಡೆ ದಪ್ಪ ಅಳೆದರು: ಎಲ್ಲಕ್ಕಿಂತ ಹೆಚ್ಚು 18.34, ಕಡಿಮೆ 18.31. ತಲೆಗೂದಲಿಗಿಂತ ತೆಳುವಾದ ಈ ವ್ಯತ್ಯಾಸವೇ ನಮ್ಮನ್ನು ನಡುಗಿಸಿದ್ದು. ದಪ್ಪ ಜಾಗ ಬಂದಾಗ ಪ್ಯಾಡು ಹಿಂದೆ ಸರಿಯುತ್ತದೆ, ತೆಳು ಜಾಗಕ್ಕೆ ಮುಂದೆ ಬರುತ್ತದೆ. ಆ ಏರಿಳಿತ ಬ್ರೇಕ್ ಆಯಿಲಿನ ಮೂಲಕ ಪೆಡಲಿಗೆ ಬರುತ್ತದೆ.

"ಹಂಗಾದ್ರ ಡಿಸ್ಕ್ ಬಾಗಿದ್ದು ಖರೇನ?" ಅಂದೆ. ಕಾಕಾ ಡಿಸ್ಕ್ ತೆಗೆದು ಹಬ್ಬಿನ ಮುಖ ತೋರಿಸಿದರು. ತುಕ್ಕು ಹೊಪ್ಪಳಿಕೆಯಾಗಿ ಕೂತಿತ್ತು. ತುಕ್ಕಿನ ಮೇಲೆ ಕೂತ ಡಿಸ್ಕು ಸೊಟ್ಟಗೆ ತಿರುಗುತ್ತದೆ, ಬ್ರೇಕ್ ಒತ್ತದಿದ್ದಾಗಲೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ ತಾಗಿ ಸವೆಯುತ್ತದೆ. ಟೈರಿನ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ನಟ್ಟುಗಳನ್ನು ಒಂದು ಬಿಗಿ, ಒಂದು ಸಡಿಲ ಮಾಡಿದರೂ ಇದೇ ಗತಿ. ಇನ್ನೊಂದು ಕಾರಣ ನಾನೇ: ಘಾಟಿನಲ್ಲಿ ಗೇರ್ ಇಳಿಸದೆ ಉದ್ದಕ್ಕೂ ಬ್ರೇಕ್ ಒತ್ತಿಹಿಡಿದು, ಕಾದ ಡಿಸ್ಕನ್ನು ನಿಂತಲ್ಲೇ ಅದುಮಿಡುವ ಚಟ. ಆಗ ಪ್ಯಾಡಿನ ಮಸಾಲೆ ಡಿಸ್ಕಿಗೆ ಕಲೆಯಂತೆ ಮೆತ್ತುತ್ತದೆ. ಕ್ಯಾಲಿಪರಿನ ಒಂದು ಪಿನ್ನೂ ಎರೆಮಣ್ಣು ಹೊಕ್ಕು ಬಿಗಿದಿತ್ತು. ಹಾಗಾಗಿ ಒಂದು ಪ್ಯಾಡು 5 ಮಿಲಿಮೀಟರ್ ಉಳಿದಿದ್ದರೆ ಅದರ ಜೊತೆಯದು 2ಕ್ಕೆ ಬಂದಿತ್ತು. 3ಕ್ಕೆ ಬಂದಾಗಲೇ ಬದಲಿಸಬೇಕು.

ಇನ್ನು ನಿರ್ಧಾರ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ 18 ಎಂದು ಕೊರೆದಿತ್ತು. ಲೇತಿಗೆ ಹಾಕಿ ಎರಡೂ ಕಡೆ 0.2 ಕೆತ್ತಿದರೆ 17.9 ಆಗುತ್ತದೆ. ತೆಳು ಡಿಸ್ಕು ಬಿಸಿ ತಡೆಯುವುದಿಲ್ಲ. ಪ್ಯಾಡ್ ಮಾತ್ರ ಬದಲಿಸಿದರೆ ಏರುಪೇರಾದ ಡಿಸ್ಕಿನ ಮೇಲೆ ನಡುಕ ಉಳಿದೇ ಉಳಿಯುತ್ತದೆ. ಡಿಸ್ಕ್ ಮಾತ್ರ ಬದಲಿಸಿ ತುಕ್ಕು ಬಿಟ್ಟರೆ ಕೆಲವು ಸಾವಿರ ಕಿಲೋಮೀಟರಿಗೆ ಮತ್ತೆ ಅದೇ ಕತೆ. ಹಬ್ ಉಜ್ಜಿ, ಪಿನ್ನಿಗೆ ಗ್ರೀಸ್ ಹಚ್ಚಿ, ಮುಂದಿನ ಎರಡೂ ಗಾಲಿಗೆ ಡಿಸ್ಕು ಪ್ಯಾಡು ಜೋಡಿಯಾಗಿ ಹಾಕಿದೆವು. ಹಿಂದಿನದನ್ನು ಮುಟ್ಟಲಿಲ್ಲ. ಮೊದಲ ಗ್ಯಾರೇಜು ಹೇಳಿದ್ದರ ಅರ್ಧ, ನಾನು ಅಂದುಕೊಂಡಿದ್ದರ ಎರಡರಷ್ಟು ಖರ್ಚಾಯಿತು. ಅಣ್ಣನ ಹತ್ತಿರ ಸಾಲ ಮಾಡಿದೆ. ಮುಳ್ಳು ಈಗ 0.04 ತೋರಿಸಿತು.

ನಾಲ್ಕು ಪಥದ ಹೆದ್ದಾರಿ ಬರುವ ಮೊದಲು ಈ ಘಾಟಿನಲ್ಲಿ ಹೀಗೆ ಸಲೀಸಾಗಿ 80 ದಾಟುವಂತಿರಲಿಲ್ಲ. ಈಗ ಅದೇ ಹೆದ್ದಾರಿಯಲ್ಲಿ, ಅನೇಕ ಕಡೆ ಸ್ವಂತ ಬ್ರೇಕೇ ಇಲ್ಲದ ಕಬ್ಬಿನ ಟ್ರೇಲರುಗಳು ಚಕ್ಕಡಿಗಿಂತ ತುಸು ಜೋರಾಗಿ ಸಾಗುತ್ತವೆ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಂದಿನಿಂದ ಕಬ್ಬಿನ ತೂಕ ಹೆಚ್ಚುತ್ತ ಬಂದಿದೆ. ರಸ್ತೆಯ ವೇಗವೂ ಹೆಚ್ಚಿದೆ. ಎರಡು ಕಾಲಗಳು ಇಳಿಜಾರಿನಲ್ಲಿ ಎದುರಾದಾಗ ನಡುವೆ ಇರುವುದು ಮೂರು ಮಿಲಿಮೀಟರ್ ಮಸಾಲೆ. ನನ್ನ ಪ್ರಬಂಧಕ್ಕೆ ಈಗ ಒಂದು ಅಧ್ಯಾಯ ಸೇರಿದೆ.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲೆಂದು ಚಿಕ್ಕೋಡಿಯ ಹೊರಗೆ 60ರಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಬ್ರೇಕ್ ಹಿಡಿದೆ. ಮುಂದಿನ ತಿಂಗಳು ಅವ್ವನ ಕಣ್ಣಿಗೆ ಮತ್ತೆ ಬೆಳಗಾವಿಗೆ ಹೋದೆವು. ಮರಳುವಾಗ ತವಂದಿ ಘಾಟಿನಲ್ಲಿ ಮೂರನೇ ಗೇರಿಗಿಳಿಸಿ ಮೆಲ್ಲಗೆ ಇಳಿದೆ. ಅವ್ವ ಕಣ್ಣು ಮುಚ್ಚಿಕೊಂಡೇ, "ರಸ್ತೆ ರಿಪೇರಿ ಮಾಡ್ಯಾರ ನೋಡು" ಅಂದಳು. ಹೂಂ ಅಂದೆ.