ಹೃದಯ ವೈಫಲ್ಯದಲ್ಲಿ ವ್ಯಾಯಾಮ: ಚರಿತ್ರೆ

ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಒತ್ತಿ ಕಳಿಸಲಾಗದ ಸ್ಥಿತಿಯೇ ಹೃದಯ ವೈಫಲ್ಯ. ಏದುಸಿರು, ಕಾಲೂತ, ಬೇಗನೆ ದಣಿವು ಇದರ ಲಕ್ಷಣಗಳು. ಇಂಥವರಿಗೆ ಇಂದು ವೈದ್ಯರು ನಡೆಯಿರಿ ಎನ್ನುತ್ತಾರೆ. 20ನೇ ಶತಮಾನದ ಬಹುಪಾಲು ಮಲಗಿರಿ ಎನ್ನುತ್ತಿದ್ದರು.

ಅದಕ್ಕೂ ಮೊದಲೇ ನಡಿಗೆಯ ಪರವಾಗಿ ಮಾತನಾಡಿದವರಿದ್ದರು. ಡಬ್ಲಿನ್‌ನ ವಿಲಿಯಂ ಸ್ಟೋಕ್ಸ್ 1854ರ ತಮ್ಮ ಗ್ರಂಥದಲ್ಲಿ ಕೆಲವು ಹೃದ್ರೋಗಿಗಳಿಗೆ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಲು ಹೇಳಿದ್ದರು. ಮ್ಯೂನಿಕ್‌ನ ಮ್ಯಾಕ್ಸ್ ಯೋಸೆಫ್ ಏರ್ಟೆಲ್ 1880ರ ದಶಕದಲ್ಲಿ ರೋಗಿಗಳನ್ನು ಏರುದಾರಿಗಳಲ್ಲಿ ಲೆಕ್ಕಹಾಕಿ ನಡೆಸಿದರು. ಆದರೆ ಮುಂದೆ ವಿಶ್ರಾಂತಿಯ ವಾದವೇ ಗೆದ್ದಿತು. ನ್ಯೂ ಆರ್ಲಿಯನ್ಸ್‌ನ ಜಾರ್ಜ್ ಬರ್ಚ್ ಹೃದಯ ಹಿಗ್ಗಿದವರನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿರಿಸಿದರು. ಇಂದಿನ ಔಷಧಗಳಿಲ್ಲದ ಕಾಲದಲ್ಲಿ ಅದನ್ನು ಕ್ರೌರ್ಯವೆನ್ನಲಾಗದು. ಆದರೂ ಬಹುಕಾಲ ಮಲಗಿದವರ ಸ್ನಾಯುಗಳು ಸೊರಗುತ್ತಿದ್ದವು, ರಕ್ತ ಹೆಪ್ಪುಗಟ್ಟುವ ಅಪಾಯವೂ ಇತ್ತು.

1980ರ ದಶಕದಲ್ಲಿ ಒಂದು ವಿಚಿತ್ರ ಸಂಗತಿ ಸ್ಪಷ್ಟವಾಯಿತು. ಹೃದಯ ಎಷ್ಟು ಬಲವಾಗಿ ರಕ್ತ ಒತ್ತುತ್ತದೆ ಎಂಬುದಕ್ಕೂ ರೋಗಿ ಎಷ್ಟು ದೂರ ನಡೆಯಬಲ್ಲ ಎಂಬುದಕ್ಕೂ ನೇರ ಸಂಬಂಧ ಕಾಣಲಿಲ್ಲ. ಹಾಗಾದರೆ ದಣಿವಿನ ಒಂದು ಪಾಲು ಕೈಕಾಲುಗಳ ಸ್ನಾಯುಗಳಲ್ಲೇ ಇರಬೇಕು, ಅವನ್ನು ಪಳಗಿಸಬಹುದು. 1988ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಇದನ್ನು ತೋರಿಸಿತು. 1990ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ಕೋಟ್ಸ್ ಮತ್ತು ಸಂಗಡಿಗರು ಕೇವಲ 11 ರೋಗಿಗಳಿಗೆ ಮನೆಯಲ್ಲೇ 8 ವಾರ ಸೈಕಲ್ ತುಳಿಸಿ ಅದನ್ನು ದೃಢಪಡಿಸಿದರು.

ದೊಡ್ಡ ಪರೀಕ್ಷೆ ನಡೆದದ್ದು 2,331 ರೋಗಿಗಳ ಎಚ್‌ಎಫ್-ಆ್ಯಕ್ಷನ್ ಅಧ್ಯಯನದಲ್ಲಿ. 2009ರಲ್ಲಿ ಬಂದ ಫಲಿತಾಂಶ ಸಾಧಾರಣ: ಸಾವು ಮತ್ತು ಆಸ್ಪತ್ರೆ ಸೇರುವಿಕೆ ಇಳಿದದ್ದು ಅಲ್ಪ, ಅದೂ ರೋಗಿಗಳ ಸ್ಥಿತಿಯ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ. ಆದರೆ ಬದುಕಿನ ಗುಣಮಟ್ಟ ಸುಧಾರಿಸಿತು, ವ್ಯಾಯಾಮ ಸುರಕ್ಷಿತವೆಂದು ತಿಳಿಯಿತು. ದಶಕಗಳ ಭಯ ಹೋಗಲಾಡಿಸಿದ ಈ ಸುರಕ್ಷತೆಯ ಉತ್ತರವೇ ಹೆಚ್ಚು ಬೆಲೆಯುಳ್ಳದ್ದು. 2021ರ ರೀಹ್ಯಾಬ್-ಎಚ್‌ಎಫ್ ಅಧ್ಯಯನ, ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದ್ದ 349 ಹಿರಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಮತೋಲನ, ಬಲ ಮತ್ತು ನಡಿಗೆಯ ತರಬೇತಿ ಕೊಟ್ಟಾಗ ಅವರ ಓಡಾಟದ ಶಕ್ತಿ ಹೆಚ್ಚಿದ್ದನ್ನು ಕಂಡಿತು. ಮರಳಿ ಆಸ್ಪತ್ರೆ ಸೇರುವುದು ಮಾತ್ರ ಕಡಿಮೆಯಾಗಲಿಲ್ಲ.

ಇಂದಿನ ಪದ್ಧತಿಯಲ್ಲಿ ರೋಗ ಸ್ಥಿರವಾದ ಮೇಲೆ, ವೈದ್ಯರ ತಪಾಸಣೆಯ ನಂತರವೇ ಆರಂಭ. ನಡೆಯುತ್ತಲೇ ಮಾತನಾಡಲು ಸಾಧ್ಯವಿರಬೇಕು. ಎದೆಯಲ್ಲಿ ಐಸಿಡಿ (ಅಪಾಯಕಾರಿ ಹೃದಯ ಬಡಿತವನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ ಸಾಧನ) ಇರುವವರು ನಾಡಿಬಡಿತದ ಮಿತಿಯನ್ನು ಕೇಳಿ ತಿಳಿದಿರಬೇಕು. ಎದೆನೋವು, ತಲೆಸುತ್ತು, ಕುಳಿತಾಗಲೂ ಏದುಸಿರು ಬಂದರೆ ಅಥವಾ ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ತೂಕ ಏರಿದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.