ಕಲ್ಲಚ್ಚಿನಿಂದ ಜಾಲತಾಣಕ್ಕೆ: ಮಂಗಳೂರಿನ ಪ್ರಕಟನಕ್ರಮವನ್ನು ಕುರಿತು ಒಂದು ವಿವೇಚನೆ

ಸಂಸ್ಥೆಗಳು ತಮ್ಮ ಜಾಲತಾಣಗಳನ್ನು ನಡೆಸಲು ಬಳಸುವ ವಿಷಯನಿರ್ವಹಣ ವ್ಯವಸ್ಥೆಯನ್ನು ಇಂದಿನ ಯಂತ್ರಕೌಶಲವೆಂದಷ್ಟೇ ಭಾವಿಸುವುದು ವಾಡಿಕೆ. ಬರೆಹವನ್ನು ಪುಟದ ರೂಪದಿಂದ ಬೇರ್ಪಡಿಸಿ ಇರಿಸುವುದೇ ಅದರ ಮುಖ್ಯ ಕಾರ್ಯವಾದುದರಿಂದ, ಅದರ ಮರ್ಮವನ್ನು ತಿಳಿಯಲು ಮಂಗಳೂರಿನ ಮುದ್ರಣೇತಿಹಾಸವು ನೆರವಾದೀತೆಂದು ನಾವು ನಂಬಿದ್ದೇವೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಸ್ಥಾಪಿಸಿದ ಮುದ್ರಣಾಲಯವು ಮೊದಲಿಗೆ ಕಲ್ಲಚ್ಚಿನದು. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಆರಂಭಿಸಿದ ಪಾಕ್ಷಿಕ ‘ಮಂಗಳೂರ ಸಮಾಚಾರ’ವೂ ಕಲ್ಲಿನಿಂದಲೇ ಅಚ್ಚಾಗಿ ಹೊರಬಂದಿತು. ಈ ಕ್ರಮದಲ್ಲಿ ಜಿಡ್ಡಿನ ಮಸಿಯ ಬರೆಹವನ್ನು ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆಮಾಡಿ, ಅಕ್ಷರವಿದ್ದೆಡೆ ಮಾತ್ರ ಅಚ್ಚಿನ ಮಸಿ ಹಿಡಿಯುವಂತೆ ಮಾಡುತ್ತಾರೆ. ಅಕ್ಷರವೂ ಅಂಕಣವೂ ಗೆರೆಯೂ ಒಂದೇ ಶಿಲೆಯಲ್ಲಿ ಬೆಸೆದುಕೊಂಡಿರುವುದರಿಂದ, ನಡುವೆ ಒಂದು ಸಾಲನ್ನು ಸೇರಿಸಬೇಕಾದರೆ ಪುಟವನ್ನೇ ಮತ್ತೆ ಬರೆಯಬೇಕು. ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಇನ್ನೊಂದು ಪುಟಕ್ಕೆ ಅಣಿಗೊಳಿಸುತ್ತಿದ್ದರು. ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮಂಗಳೂರಿನಲ್ಲಿಯೂ ಕಾಲಕ್ರಮದಲ್ಲಿ ಅಚ್ಚುಮೊಳೆಗಳು ಬಳಕೆಗೆ ಬಂದುವು. ಬಿಡಿ ಮೊಳೆಗಳನ್ನು ಕಳಚಿ ಮತ್ತೆ ಜೋಡಿಸಬಹುದಾದ್ದರಿಂದ ಕರಡು ತಿದ್ದುವವನಿಗೂ ಮೊಳೆ ಜೋಡಿಸುವವನಿಗೂ ಬೇರೆ ಬೇರೆ ಕೆಲಸವು ಗೊತ್ತಾಯಿತು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಂಥ ಮಹಾಗ್ರಂಥವನ್ನು ಕಲ್ಲಿನ ಮೇಲೆ ಬರೆದು ತಿದ್ದುವುದು ಊಹೆಗೂ ಮೀರಿದ ಶ್ರಮ!

ಆರಂಭಕಾಲದ ಜಾಲತಾಣವು ಕಲ್ಲಚ್ಚಿಗೇ ಸಮೀಪವಾದುದು. ಮಾತೂ ಅದರ ಅಲಂಕಾರವೂ ಒಂದೇ ಕಡತದಲ್ಲಿರುತ್ತಿದ್ದುವು. ಕಚೇರಿಯ ದೂರವಾಣಿ ಸಂಖ್ಯೆ ಬದಲಾದರೆ ಅದು ಕಾಣಿಸುವ ಪ್ರತಿಯೊಂದು ಪುಟವನ್ನೂ ತಿದ್ದಬೇಕಾಗುತ್ತಿತ್ತು. ಕನ್ನಡಕ್ಕೆ ಇನ್ನೊಂದು ತೊಡಕೂ ಇದ್ದಿತು. ಯೂನಿಕೋಡ್ ರೂಢಿಗೆ ಬರುವ ಮೊದಲು ಅಕ್ಷರವು ನಿರ್ದಿಷ್ಟ ಫಾಂಟಿಗೆ ಅಂಟಿಕೊಂಡಿದ್ದು, ಆ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡ ಬರೆಹವು ಅರ್ಥವಿಲ್ಲದ ಸಂಕೇತಗಳ ಸಾಲಾಗಿ ತೋರುತ್ತಿತ್ತು.

2001ರ ಡ್ರುಪಾಲ್, 2003ರ ವರ್ಡ್‌ಪ್ರೆಸ್ ಮೊದಲಾದ ತಂತ್ರಾಂಶಗಳಲ್ಲಿ ಬರೆಹವು ದತ್ತಾಂಶಕೋಶದಲ್ಲಿರುತ್ತದೆ. ಓದುಗನು ಬಯಸಿದಾಗ ಅದು ಸಿದ್ಧ ಅಚ್ಚಿನೊಳಗೆ ಕೂಡಿಕೊಂಡು ಪುಟವಾಗುತ್ತದೆ. ಇದಕ್ಕಿಂತಲೂ ಸಂಸ್ಥೆಗೆ ಹೆಚ್ಚು ಮುಖ್ಯವಾದುದು ಅಧಿಕಾರದ ವಿಭಜನೆ. ವರ್ಡ್‌ಪ್ರೆಸ್ಸಿನಲ್ಲಿ ‘ಕಾಂಟ್ರಿಬ್ಯೂಟರ್’ ಆದವನು ಬರೆಯಬಲ್ಲನೇ ಹೊರತು ಪ್ರಕಟಿಸಲಾರ. ಅದು ಸಂಪಾದಕನ ಅಧಿಕಾರ. ಭಾರತ ಸರ್ಕಾರವು 2009ರಲ್ಲಿ ತನ್ನ ಜಾಲತಾಣಗಳಿಗೆಂದು ಹೊರಡಿಸಿದ ಮಾರ್ಗಸೂಚಿಯೂ ಬರೆಹವನ್ನು ಯಾರು ಒದಗಿಸಬೇಕು, ಯಾರು ಒಪ್ಪಬೇಕು, ಹಳೆಯದನ್ನು ಎಲ್ಲಿ ಇಡಬೇಕೆಂಬುದಕ್ಕೆ ಲಿಖಿತ ನೀತಿಯನ್ನು ವಿಧಿಸಿತು. ತಂತ್ರವನ್ನು ಕೊಂಡು ನೀತಿಯನ್ನು ಬರೆಯದ ಸಂಸ್ಥೆಗೆ ಅರ್ಧ ಪ್ರಯೋಜನವೂ ದೊರೆಯದೆಂಬುದು ನಮ್ಮ ಮತ.

ಇತಿಹಾಸಕಾರನ ಕಷ್ಟ ಇಲ್ಲಿಯೇ ಇದೆ. ಉಜ್ಜಿದ ಕಲ್ಲಿನಿಂದ ಅಕ್ಷರ ಅಳಿದರೂ ಕಾಗದದ ಪ್ರತಿಗಳು ಊರೂರಿಗೆ ಹಂಚಿಹೋಗಿರುತ್ತಿದ್ದುವು. ಜಾಲತಾಣದಲ್ಲಾದರೋ ಮೂಲವೂ ಪ್ರತಿಯೂ ಒಂದೇ. ವರ್ಡ್‌ಪ್ರೆಸ್ 2008ರಿಂದ ಬರೆಹದ ಹಿಂದಿನ ಪಾಠಗಳನ್ನು ಉಳಿಸುತ್ತಿದ್ದರೂ, ಸಂಸ್ಥೆಯು ತಾಣವನ್ನು ಹೊಸದಾಗಿ ಕಟ್ಟಿಸಿ ಹಳೆಯ ಕೋಶವನ್ನು ಕೈಬಿಟ್ಟರೆ ಆ ಪಾಠಗಳೂ ಅದರೊಡನೆ ಹೋಗುತ್ತವೆ. ಹತ್ತು ವರ್ಷ ಹಿಂದಿನ ಒಂದು ಸುತ್ತೋಲೆಯನ್ನು ಹುಡುಕುತ್ತ ಹೋಗಿ, ‘ಪುಟ ದೊರೆಯಲಿಲ್ಲ’ ಎಂಬ ಸಾಲನ್ನು ಓದಿ ನಾವು ಹಿಂದಿರುಗಿದುದುಂಟು.

ಇದಕ್ಕೆ ಪ್ರತಿಯಾಗಿ ಈ ನಾಡಿನದೇ ಒಂದು ನಿದರ್ಶನವನ್ನು ಕೊಡಬಹುದು. ಹಲವು ವರ್ಷ ಪ್ರಯೋಗಾವಸ್ಥೆಯಲ್ಲಿದ್ದು 2016ರಲ್ಲಿ ಸ್ವತಂತ್ರವಾದ, ಕನ್ನಡ ಲಿಪಿಯ ತುಳು ವಿಕಿಪೀಡಿಯವು ಮೀಡಿಯಾವಿಕಿ ಎಂಬ ತಂತ್ರಾಂಶದಿಂದ ನಡೆಯುತ್ತದೆ. ಅಲ್ಲಿ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವರ ಬಳಕೆಹೆಸರು, ದಿನ, ಗಳಿಗೆಗಳೊಡನೆ ದಾಖಲಾಗುತ್ತದೆ. ಒಂದು ತುಳು ಶಬ್ದವನ್ನು ಕನ್ನಡ ಲಿಪಿಯಲ್ಲಿ ಮೊದಲು ಹೇಗೆ ಬರೆದರು, ಮತ್ತೊಬ್ಬರು ಯಾವ ದಿನ ಅದನ್ನು ಬದಲಿಸಿದರು ಎಂಬುದನ್ನು ‘ಇತಿಹಾಸ’ದ ಪುಟವನ್ನು ತೆರೆದು ಯಾರು ಬೇಕಾದರೂ ನೋಡಬಹುದಾಗಿದೆ.